ಕರಡಿಯ ಅಂಗಾಲಿಗೆ ಮೀನಿನ ಚರ್ಮ

2017ರ ಡಿಸೆಂಬರ್ ತಿಂಗಳಿನಲ್ಲಿ ಕ್ಯಾಲಿಫೋರ್ನಿಯದ ದಕ್ಷಿಣದ ಬೆಟ್ಟಗಳನ್ನು ಆವರಿಸಿದ ‘ಥಾಮಸ್’ ಎಂಬ ಹೆಸರಿನ ಕಾಳ್ಗಿಚ್ಚಿನಲ್ಲಿ ಅಂಗಾಲುಗಳು ಬೆಂದು, ನೆಲಕ್ಕೆ ಪಾದವೂರಲಾರದೆ ನರಳುತ್ತಿದ್ದ ಎರಡು ಹೆಣ್ಣು ಕರಡಿಗಳು ಅಲ್ಲಿನ ವನ್ಯಜೀವಿ ಇಲಾಖೆಯ ಆಶ್ರಯಕ್ಕೆ ಬಂದವು; ಅವುಗಳೊಡನೆ ಐದು ತಿಂಗಳ ಒಂದು ಪ್ಯೂಮಾ ಮರಿಯೂ ಇತ್ತು. ದಿನಕ್ಕೊಮ್ಮೆ ಪಟ್ಟಿ ಬಿಚ್ಚಿ ಮುಲಾಮು ಹಚ್ಚೋಣವೆಂದರೆ ಕಾಡುಕರಡಿಯನ್ನು ಪ್ರತಿಸಲವೂ ಅರಿವಳಿಕೆ ಕೊಟ್ಟು ಮಲಗಿಸಬೇಕು. ಗಾಯ ತಾನಾಗಿ ಮಾಯಲಿ ಎಂದು ಕಾಯೋಣವೆಂದರೆ ತಿಂಗಳುಗಳು ಹಿಡಿಯುವುವು. ಅಷ್ಟರಲ್ಲಿ ಒಂದು ಕರಡಿ ಗರ್ಭಿಣಿಯೆಂಬುದು ಬೇರೆ ತಿಳಿದುಬಂದಿತು, ಬೋನಿನಲ್ಲಿ ಈದರೆ ಆ ತಾಯಿ ಮರಿಯನ್ನು ಒಲ್ಲೆನೆನ್ನುವ ಭಯವಿತ್ತು. ಈ ಸಂಕಟದಲ್ಲಿ ಡೇವಿಸ್ ನಗರದ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಪಶುವೈದ್ಯೆ ಜೇಮಿ ಪೇಟನ್ ಅವರು ತಿಲಾಪಿಯ ಮೀನಿನ ಚರ್ಮವನ್ನು ತರಿಸಿ, ಅದನ್ನು ಕ್ರಿಮಿರಹಿತವಾಗಿ ಶುದ್ಧಿಗೊಳಿಸಿ, ಪಾದದ ಅಳತೆಗೆ ಕತ್ತರಿಸಿ, ಸುಟ್ಟ ಅಂಗಾಲಿಗೆ ಹೊಲಿದರು.

ಅದರ ಮೇಲೆ ಸುತ್ತಿದ ಪಟ್ಟಿಯ ವಿಚಾರವನ್ನು ನಾನು ಎಷ್ಟು ಸಲ ನೆನೆದರೂ ಸಾಲದು. ಕರಡಿ ಕಚ್ಚಿ ನುಂಗಿದರೂ ಕರುಳಿಗೆ ಕಟ್ಟಿಕೊಳ್ಳಬಾರದೆಂದು ಅಕ್ಕಿಹಿಟ್ಟಿನ ತೆಳುಹಾಳೆಯನ್ನೂ ಮುಸುಕಿನ ಜೋಳದ ಸಿಪ್ಪೆಯನ್ನೂ ಬಳಸಿದರಂತೆ! ವನ್ಯಮೃಗದ ಹಸಿವನ್ನೂ ಹಲ್ಲನ್ನೂ ಗಮನದಲ್ಲಿಟ್ಟುಕೊಂಡು ಹೆಣೆದ ಆ ಪಾದರಕ್ಷೆಯಲ್ಲಿ ಎಂಥ ವಾತ್ಸಲ್ಯವಿದೆ! ಏಳಲಾರದಿದ್ದ ಕರಡಿ ಈ ಚಿಕಿತ್ಸೆಯ ಬಳಿಕ ಎದ್ದು ನಿಂತು ಸುತ್ತಲೂ ನೋಡತೊಡಗಿತು. ಕೆಲವೇ ವಾರಗಳಲ್ಲಿ ಹೊಸ ಚರ್ಮ ಮೂಡಿ, 2018ರ ಜನವರಿಯಲ್ಲಿ ಎರಡೂ ಕರಡಿಗಳು ಕಾಡಿಗೆ ಮರಳಿದವು.

ಪೇಟನ್ ಅವರಿಗೆ ಮಾದರಿಯಾದದ್ದು ಬ್ರೆಜಿಲ್ ದೇಶದ ಫೋರ್ಟಲೇಜಾ ನಗರದ ವೈದ್ಯರು ಮನುಷ್ಯರಿಗೆ ಮಾಡುತ್ತಿದ್ದ ಚಿಕಿತ್ಸೆ. 2011ರಲ್ಲಿ ಮಾರ್ಸೆಲೊ ಬೋರ್ಜೆಸ್ ಎಂಬ ಶಸ್ತ್ರವೈದ್ಯರು, ಮೀನುಸಾಕಣೆಯವರು ಎಸೆಯುವ ತಿಲಾಪಿಯ ಚರ್ಮದಿಂದ ಕರಕುಶಲ ವಸ್ತುಗಳನ್ನು ಮಾಡುವ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಇದು ಸುಟ್ಟ ಗಾಯಕ್ಕೇಕೆ ಆಗಬಾರದೆಂದು ಯೋಚಿಸಿದರು. ಶಸ್ತ್ರವೈದ್ಯ ಎಡ್ಮಾರ್ ಮಾಸಿಯೆಲ್ ಮತ್ತು ಸಿಯಾರಾ ವಿಶ್ವವಿದ್ಯಾನಿಲಯದ ಒಡೊರಿಕೊ ಡಿ ಮೊರೈಸ್ ಅವರ ಜೊತೆಗೂಡಿ ಆ ಯೋಚನೆಯನ್ನು ಕಾರ್ಯರೂಪಕ್ಕೆ ತಂದರು. ದಾನದ ಮಾನವಚರ್ಮ ಸಾಕಷ್ಟು ದೊರೆಯದ ಆ ನಾಡಿನಲ್ಲಿ ಬೆಳ್ಳಿಯ ಅಂಶವುಳ್ಳ ಮುಲಾಮು ಹಚ್ಚಿ ಬಟ್ಟೆ ಸುತ್ತುವುದೇ ರೂಢಿಯಾಗಿತ್ತು. ಆ ಪಟ್ಟಿ ಬಿಚ್ಚುವ ಹೊತ್ತಿನ ಯಾತನೆಯನ್ನು ಸುಟ್ಟ ಗಾಯದ ವಾರ್ಡಿನ ಹೊರಗೆ ನಿಂತು ಒಮ್ಮೆ ಕೇಳಿದವರೂ ಮರೆಯಲಾರರು. ಮೀನಿನ ಚರ್ಮವನ್ನಾದರೋ ತೊಳೆದು, ಮಾಂಸದ ಎಳೆ ಉಳಿಯದಂತೆ ಹೆರೆದು, ಕ್ರಿಮಿನಾಶಕದಲ್ಲಿಯೂ ಗ್ಲಿಸರಾಲಿನಲ್ಲಿಯೂ ಅದ್ದಿ, ವಿಕಿರಣದಿಂದ ಪರಿಶುದ್ಧಗೊಳಿಸಿ ಶೈತ್ಯದಲ್ಲಿಟ್ಟರೆ ಎರಡು ವರ್ಷದವರೆಗೆ ಕೆಡದು; ಗಾಯಕ್ಕೆ ಅಂಟಿ ಕುಳಿತ ಮೇಲೆ, ದಿನದಿನವೂ ಬಿಚ್ಚುವ ಪ್ರಸಂಗವಿಲ್ಲದೆ, ಕೆಳಗೆ ಹೊಸ ಚರ್ಮ ಬೆಳೆದಂತೆ ತಾನೇ ಒಣಗಿ ಕಳಚುವುದು.

ಮೀನಿಗೆ ಈ ಗುಣ ಬಂದದ್ದು ಕೊಲ್ಯಾಜನ್ ಎಂಬ ಪ್ರೋಟೀನಿನಿಂದ. ಹಿಂದಿನ ರಾತ್ರಿಯ ಮೀನಿನ ಸಾರು ಚಳಿಯ ಬೆಳಗಿನಲ್ಲಿ ಹೆಪ್ಪುಗಟ್ಟಿ ನಡುಗುವುದನ್ನು ಕಂಡವರೆಲ್ಲರೂ ಇದನ್ನು ಕಂಡವರೇ: ಮೂರು ಎಳೆಗಳನ್ನು ಹೊಸೆದ ಹಗ್ಗದಂತಿರುವ ಕೊಲ್ಯಾಜನ್ ಬಿಸಿಯಲ್ಲಿ ಬಿಚ್ಚಿಕೊಂಡು ಜೆಲಾಟಿನ್ ಆಗುವುದು. ಆ ಮೂರೆಳೆಯ ಹೊಸೆತವನ್ನು 1954-55ರಲ್ಲಿ, ಕಾಂಗರೂವಿನ ಬಾಲದ ಸ್ನಾಯುರಜ್ಜುವಿನ ಕ್ಷಕಿರಣ ಚಿತ್ರಗಳ ಆಧಾರದಿಂದ, ಮದರಾಸಿನಲ್ಲಿ ಗೋಪಿನಾಥ ಕರ್ತಾರೊಡನೆ ನಿರೂಪಿಸಿದವರು ಜಿ. ಎನ್. ರಾಮಚಂದ್ರನ್, ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದು, ಮುಂದೆ ಅಲ್ಲಿಗೇ ಮರಳಿದವರು.

ಎಲ್ಲ ಮೀನುಗಳ ಕೊಲ್ಯಾಜನ್ ಒಂದೇ ಬಗೆಯದಲ್ಲ. ಶೀತಲ ಸಮುದ್ರದ ಕಾಡ್ ಮೀನಿನ ಕೊಲ್ಯಾಜನ್‌ನಲ್ಲಿ ಹೈಡ್ರಾಕ್ಸಿಪ್ರೊಲೀನ್ ಎಂಬ ಅಮೈನೊ ಆಮ್ಲ ಕಡಿಮೆಯಾದುದರಿಂದ, ಕರಗಿಸಿದ ಮೇಲೆ ಅದರ ಹೊಸೆತ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿಯೇ ಸಡಿಲಗೊಳ್ಳುವುದು. ಬೆಚ್ಚಗಿನ ನೀರಿನ ತಿಲಾಪಿಯದ್ದು 30 ಡಿಗ್ರಿ ದಾಟಿದರೂ ನಿಲ್ಲುವುದು. ಇತ್ತ ಐಸ್‌ಲೆಂಡಿನ ಇಸಾಫ್ಯೋರ್ದುರ್ ಎಂಬ ಊರಿನ ಕೆರೆಸಿಸ್ ಸಂಸ್ಥೆಯವರು ಕಾಡ್ ಮೀನಿನ ಕೊಲ್ಯಾಜನ್ ಅನ್ನು ಕರಗಿಸುವ ಗೋಜಿಗೇ ಹೋಗದೆ, ಚರ್ಮದೊಳಗಿನ ಜೀವಕೋಶಗಳನ್ನಷ್ಟೇ ತೆಗೆದು, ನೇಯ್ಗೆ ಕೆಡದಂತೆ ಶೈತ್ಯದಲ್ಲಿ ಒಣಗಿಸುತ್ತಾರೆ. ಫೋರ್ಟಲೇಜಾದ ಚರ್ಮ ಹೊದಿಕೆಯಾದರೆ ಇದು ಹಂದರ: ಅವರೆಯ ಬಳ್ಳಿ ಚಪ್ಪರವನ್ನು ಹಿಡಿದು ಹಬ್ಬುವಂತೆ ರೋಗಿಯ ಜೀವಕೋಶಗಳು ಅದರ ರಂಧ್ರಗಳೊಳಗೆ ಹೊಕ್ಕು ಹಬ್ಬುವುವು, ಬಳ್ಳಿ ಬಲಿತ ಮೇಲೆ ಹಂದರವು ದೇಹದಲ್ಲಿಯೇ ಲೀನವಾಗುವುದು. ಅಂಗಾಂಶ ನಿರ್ಮಾಣವೆಂಬ ಶಾಸ್ತ್ರದ ಮರ್ಮ ಇಷ್ಟೇ.

ತಿಲಾಪಿಯ ನಮಗೇನೂ ಅಪರಿಚಿತವಲ್ಲ. ಫೋರ್ಟಲೇಜಾದ ನೈಲ್ ತಿಲಾಪಿಯದ ದಾಯಾದಿಯಾದ ಮೊಜಾಂಬಿಕ್ ತಿಲಾಪಿಯ 1952ರಲ್ಲಿ ಭಾರತಕ್ಕೆ ಬಂದು ಕೆರೆಕೆರೆಗಳಲ್ಲಿ ಹರಡಿತು. ನಮ್ಮ ಕಡೆಯಲ್ಲಿ ಜನ ಅದಕ್ಕೆ ಜಿಲೇಬಿಯೆಂದು ಹೆಸರಿಟ್ಟರು. ಮೊನ್ನೆ ಸಂಜೆ ಕೆರೆಯ ಏರಿಯ ಕೆಳಗೆ ಮೀನು ಮಾರುತ್ತಿದ್ದ ಹೆಂಗಸೊಬ್ಬಳು ಜಿಲೇಬಿಯ ಬಾಲವನ್ನು ಬೆರಳಿನಲ್ಲಿ ಒತ್ತಿಹಿಡಿದು, ಮಚ್ಚಿನ ಬೆನ್ನಿನಿಂದ ಎದುರುಹೊರಳಿಸಿ ಹೆರೆಯುತ್ತಿದ್ದಳು. ಕೊಲ್ಯಾಜನ್‌ನಿಂದ ಕೂಡಿದ ಆ ಹುರುಪೆಗಳು ಅವಳ ಮುಂಗೈಯ ಬಳೆಗಳವರೆಗೂ ಸಿಡಿದು ಅಂಟಿಕೊಂಡಿದ್ದವು.

“ಇವನ್ನೆಲ್ಲ ಏನು ಮಾಡ್ತೀಯಮ್ಮ?” ಎಂದು ಕೇಳಿದೆ.

“ಏನ್ ಮಾಡಾದು ಸ್ವಾಮಿ, ಮೋರಿಗೆ,” ಎಂದಳು.

ಬಳಿಕ ಹಲಗೆಯ ಮೇಲೆ ಒಂದು ಚೊಂಬು ನೀರು ಸುರಿದಳು. ಬೀದಿದೀಪದ ಬೆಳಕಿನಲ್ಲಿ ಹುರುಪೆಗಳು ಕ್ಷಣಕಾಲ ಅಭ್ರಕದಂತೆ ಹೊಳೆದು ನೀರಿನೊಡನೆ ಹರಿದುಹೋದವು.