ಕೊಟ್ಟವರ ಹೆಸರಿಲ್ಲದ ಆಟಿಕೆ

ಉಡುಗೊರೆ ಎಂದಮೇಲೆ ಮಿರುಗುವ ಕಾಗದ, ರಿಬ್ಬನ್ನು, ಮೇಲೊಂದು ಹೆಸರಿನ ಚೀಟಿ ಇರಬೇಕು ಎನ್ನುವುದು ವಾಡಿಕೆ. ಆದರೆ ನವೆಂಬರ್ ಬಂತೆಂದರೆ ಅಮೆರಿಕದ ಅಂಗಡಿ, ಆಫೀಸು, ಅಗ್ನಿಶಾಮಕ ಠಾಣೆಗಳ ಬಾಗಿಲಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂದು ಕೂರುತ್ತದೆ. ಅದು ಕೇಳುವುದು ಎರಡೇ: ಆಟಿಕೆ ಹೊಸದಾಗಿರಲಿ, ಅದಕ್ಕೆ ಕಾಗದ ಸುತ್ತಬೇಡಿ. ಪೆಟ್ಟಿಗೆಯ ಮೈಮೇಲೆ ಪುಟ್ಟ ರೈಲಿನ ಚಿತ್ರ, ಜೊತೆಗೆ ‘ಟಾಯ್ಸ್ ಫಾರ್ ಟಾಟ್ಸ್’ ಎಂಬ ಹೆಸರು.

ಕ್ರಿಸ್‌ಮಸ್ ದಿನ ಮಕ್ಕಳ ಕೈಗೆ ಏನನ್ನೂ ಇಡಲಾಗದ ಮನೆಗಳಿಗೆ ಆಟಿಕೆ ಮುಟ್ಟಿಸುವ ಕಾರ್ಯಕ್ರಮ ಇದು. ನಡೆಸುವವರು ಯಾವುದೋ ಚರ್ಚಿನವರೋ ಶಾಲೆಯವರೋ ಅಲ್ಲ, ಅಮೆರಿಕದ ಮರೀನ್ ಕೋರ್‌ನ ಮೀಸಲು ಪಡೆಯವರು. ಯುದ್ಧದಲ್ಲಿ ಮೊದಲು ದಡಕ್ಕಿಳಿಯುವುದಕ್ಕೆ ಹೆಸರಾದ ಪಡೆಯ ಮಂದಿ ಡಿಸೆಂಬರ್‌ನಲ್ಲಿ ಟೆಡ್ಡಿ ಕರಡಿಗಳ ಲೆಕ್ಕ ಬರೆಯುತ್ತಾರೆ. ಅವರ ಜೊತೆ ಕೈಜೋಡಿಸುವ ಸಾವಿರಾರು ಮನೆಗಳಲ್ಲಿ ಅಮೆರಿಕಕ್ಕೆ ಬಂದು ನೆಲೆಸಿದ ನಮ್ಮಂಥ ಕನ್ನಡದ ಮನೆಗಳೂ ಇವೆ. ಶಾಲೆಗೆ ರಜೆ, ಹೊರಗೆ ಚಳಿ, ಮನೆಯೊಳಗೆ ಮಕ್ಕಳ ಗಲಾಟೆ. ಅಂಥ ಶನಿವಾರಗಳಲ್ಲಿ ಮಕ್ಕಳನ್ನು ಕರೆದುಕೊಂಡು ಗೋದಾಮಿಗೆ ಹೋಗುವ ರೂಢಿ ಇಲ್ಲಿನ ಅನೇಕರಿಗಿದೆ.

ಇದು ಶುರುವಾದದ್ದು 1947ರಲ್ಲಿ, ಲಾಸ್ ಏಂಜಲೀಸ್‌ನಲ್ಲಿ. ಮೀಸಲು ಪಡೆಯ ಮೇಜರ್ ಬಿಲ್ ಹೆಂಡ್ರಿಕ್ಸ್ ಅವರ ಹೆಂಡತಿ ಡಯೇನ್ ತಾವೇ ಮಾಡಿದ ಬಟ್ಟೆಯ ಗೊಂಬೆಯೊಂದನ್ನು ಗಂಡನ ಕೈಗಿಟ್ಟು, ಇಲ್ಲದವರ ಮನೆಯ ಮಗುವಿಗೆ ಇದನ್ನು ತಲುಪಿಸುವ ಸಂಸ್ಥೆಗೆ ಕೊಟ್ಟು ಬರಲು ಹೇಳಿದರು. ಮೇಜರ್ ಹುಡುಕಿದರು, ಅಂಥ ಸಂಸ್ಥೆ ಸಿಗಲಿಲ್ಲ. ಹಾಗಾದರೆ ನೀವೇ ಒಂದು ಶುರುಮಾಡಿ ಎಂದುಬಿಟ್ಟರು ಡಯೇನ್. ಆ ವರ್ಷವೇ ಹೆಂಡ್ರಿಕ್ಸ್ ಮತ್ತು ಅವರ ಜೊತೆಯ ಮೀಸಲು ಸೈನಿಕರು 5,000 ಆಟಿಕೆ ಕೂಡಿಸಿದರು. ಮರುವರ್ಷ ಮರೀನ್ ಕೋರ್ ಇದನ್ನು ದೇಶವಿಡೀ ಹಬ್ಬಿಸಿತು. ಸಮವಸ್ತ್ರ ತೊಡದ ದಿನಗಳಲ್ಲಿ ಹೆಂಡ್ರಿಕ್ಸ್ ಅವರ ನೌಕರಿ ವಾರ್ನರ್ ಬ್ರದರ್ಸ್ ಸ್ಟುಡಿಯೋದ ಪ್ರಚಾರ ವಿಭಾಗದ ನಿರ್ದೇಶಕರದ್ದು. ಹಾಗಾಗಿ ಹಾಲಿವುಡ್ಡಿನ ಬೆಂಬಲಕ್ಕೆ ಕೊರತೆಯಾಗಲಿಲ್ಲ. ಪೆಟ್ಟಿಗೆಯ ಮೇಲಿನ ರೈಲು ಬರೆದುಕೊಟ್ಟವರು ವಾಲ್ಟ್ ಡಿಸ್ನಿ.

ಮೊದಲ ಮೂರು ದಶಕ ಹಳೆಯ ಆಟಿಕೆಯೂ ನಡೆಯುತ್ತಿತ್ತು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ವಾರಾಂತ್ಯದ ಕವಾಯತಿಗೆಂದು ಸೇರುತ್ತಿದ್ದ ಸೈನಿಕರು ಮುರಿದ ಗಾಲಿ ಜೋಡಿಸಿ, ಬಣ್ಣ ಬಳಿದು, ಆಟಿಕೆಗಳನ್ನು ಹೊಸದರಂತೆ ಮಾಡಿ ಹಂಚುತ್ತಿದ್ದರು. 1980ರಿಂದ ಅದು ನಿಂತಿತು. ಮೀಸಲು ಪಡೆಗೆ ತರಬೇತಿಯ ಹೊರೆ ಹೆಚ್ಚಿ, ರಿಪೇರಿಗೆ ಪುರಸೊತ್ತು ಇಲ್ಲವಾಯಿತು. ಹಳೆಯ ಆಟಿಕೆಯಿಂದ ಮಗುವಿಗೆ ಅಪಾಯವಾದರೆ ಕಾನೂನಿಗೆ ಉತ್ತರ ಹೇಳಬೇಕಾದೀತು ಎಂಬ ಎಚ್ಚರವೂ ಬಂತು. ಇವೆರಡಕ್ಕಿಂತ ಸೂಕ್ಷ್ಮವಾದ ಕಾರಣ ಇನ್ನೊಂದಿತ್ತು. ಯಾರೋ ಆಡಿ ಬಿಟ್ಟದ್ದನ್ನು ಕೈಗಿತ್ತರೆ, ನಿನಗೆ ಇಷ್ಟು ಸಾಕು ಎಂದು ಮಗುವಿಗೆ ಹೇಳಿದಂತಾಗುತ್ತದೆ. ಅದು ಪಡೆಯವರಿಗೆ ಬೇಕಿರಲಿಲ್ಲ.

ಹಣದ ವ್ಯವಹಾರ ನೋಡಿಕೊಳ್ಳಲು 1991ರಲ್ಲಿ ಒಂದು ಪ್ರತಿಷ್ಠಾನ ಬಂತು. 1995ರಲ್ಲಿ ರಕ್ಷಣಾ ಇಲಾಖೆ ಇದನ್ನು ಮೀಸಲು ಪಡೆಯ ಅಧಿಕೃತ ಕರ್ತವ್ಯಗಳಲ್ಲಿ ಒಂದೆಂದು ಒಪ್ಪಿಕೊಂಡಿತು. ಈವರೆಗೆ ಹಂಚಿದ ಆಟಿಕೆಗಳು 60 ಕೋಟಿ ದಾಟಿವೆ ಎಂದು ಸಂಸ್ಥೆಯ ಲೆಕ್ಕ ಹೇಳುತ್ತದೆ. ಇಷ್ಟೆಲ್ಲ ದೊಡ್ಡದಾಗಿದ್ದರೂ ಕೆಲಸ ನಡೆಯುವುದು ಊರಿನ ಮಟ್ಟದಲ್ಲೇ. ಪ್ರತಿ ಪ್ರದೇಶಕ್ಕೊಬ್ಬ ಸಂಯೋಜಕ. ಒಂದೂರಿನಲ್ಲಿ ಕೂಡಿದ ಆಟಿಕೆ ಆ ಊರಿನ ಮಕ್ಕಳಿಗೇ. ಸೇನೆಯ ಘಟಕವಿಲ್ಲದ ಕಡೆ ನಿವೃತ್ತ ಮರೀನ್‌ಗಳ ಸಂಘವೋ ಸ್ಥಳೀಯ ಸೇವಾಸಂಸ್ಥೆಯೋ ಹೊಣೆ ಹೊರುತ್ತದೆ.

ಈಗ ಗೋದಾಮಿನೊಳಕ್ಕೆ ಬನ್ನಿ. ಊರಾಚೆಯ ಒಂದು ತಗಡಿನ ಶೆಡ್ಡು, ಸಿಮೆಂಟಿನ ನೆಲ, ಉದ್ದಕ್ಕೂ ಮೇಜುಗಳು. ಗೋಡೆಗುಂಟ ಮಕ್ಕಳ ಎದೆಮಟ್ಟ ಬರುವ ರಟ್ಟಿನ ತೊಟ್ಟಿಗಳು. ಒಂದೊಂದರ ಮೇಲೂ ವಯಸ್ಸು ಬರೆದು ಅಂಟಿಸಿದ್ದಾರೆ: 0–2, 3–5, 6–8, 9–11, 12ರ ಮೇಲ್ಪಟ್ಟವರು. ಲಾರಿಯಿಂದ ಇಳಿದ ಚೀಲಗಳನ್ನು ಮೇಜಿನ ಮೇಲೆ ಸುರಿಯುತ್ತಾರೆ. ಒಂದೊಂದನ್ನೇ ಎತ್ತಿ ನೋಡಿ ಸರಿಯಾದ ತೊಟ್ಟಿಗೆ ಹಾಕುವುದು ನಮ್ಮ ಪಾಲಿನ ಕೆಲಸ. ಕಾಗದ ಸುತ್ತಬೇಡಿ ಎಂದದ್ದು ಯಾಕೆಂದು ಇಲ್ಲಿ ಗೊತ್ತಾಗುತ್ತದೆ. ಸುತ್ತಿದ್ದರೆ ಒಳಗಿರುವುದು ಗಿಲಕಿಯೋ ಚೆಸ್ ಬೋರ್ಡೋ ಹೇಗೆ ತಿಳಿಯಬೇಕು? ಸುತ್ತಿ ಬಂದದ್ದನ್ನು ಬಿಚ್ಚಲೇಬೇಕು.

ಆಟಿಕೆಯ ಡಬ್ಬದ ಮೂಲೆಯಲ್ಲಿ ‘3+’ ಎಂದು ಅಚ್ಚಾಗಿರುತ್ತದಲ್ಲ, ಅದನ್ನು ಬುದ್ಧಿಯ ಅಳತೆ ಎಂದುಕೊಂಡವರೇ ಹೆಚ್ಚು. ನಮ್ಮ ಕೂಸು ಚುರುಕು, ಎರಡಕ್ಕೇ ಆಡಿಯಾನು ಎಂದು ಕೊಳ್ಳುವವರಿದ್ದಾರೆ. ಅದು ಗಂಟಲಿನ ಅಳತೆ. ಮೂರರೊಳಗಿನ ಮಗುವಿನ ಗಂಟಲಿನಷ್ಟು ಅಗಲವೆಂದು ಎಣಿಸಿದ ಒಂದು ಕೊಳವೆ ಅಮೆರಿಕದ ಸುರಕ್ಷತಾ ನಿಯಮದಲ್ಲಿದೆ. ಅದರ ವ್ಯಾಸ ಒಂದೂಕಾಲು ಅಂಗುಲ. ಅದರೊಳಗೆ ಪೂರ್ತಿ ಇಳಿದುಹೋಗುವ ಬಿಡಿಭಾಗವಿರುವ ಆಟಿಕೆ ಮೂರರೊಳಗಿನವರಿಗೆ ಸಲ್ಲದು. ಇದನ್ನು ಒಮ್ಮೆ ತಿಳಿಸಿಕೊಟ್ಟದ್ದೇ ತಡ, ಎಂಟು ವರ್ಷದ ನನ್ನ ಮಗ ಇನ್‌ಸ್ಪೆಕ್ಟರ್ ಆಗಿಬಿಟ್ಟ. “ಅಮ್ಮಾ, ಇದರ ಗಾಲಿ ಕಿತ್ತು ಬರತ್ತೆ, ಪಾಪು ನುಂಗತ್ತೆ” ಎಂದು ನಾನು ಹಾಕಿದ್ದನ್ನೂ ತೆಗೆದು ಬೇರೆ ತೊಟ್ಟಿಗೆ ಹಾಕತೊಡಗಿದ.

ಮಕ್ಕಳನ್ನು ಕರೆತಂದರೆ ಕೆಲಸ ಕೆಡುತ್ತದೆ ಎನ್ನುವವರಿಗೆ ಈ ಮೇಜಿನಲ್ಲಿ ಉತ್ತರ ಸಿಗುತ್ತದೆ. ಒಂಬತ್ತರ ಹುಡುಗಿಗೆ ಈ ಬೊಂಬೆ ಹಿಡಿಸೀತೆ, ಈ ಕಾರು ಹೋದ ವರ್ಷದ್ದೆ, ಈ ಬೋರ್ಡ್ ಗೇಮಿಗೆ ಎಷ್ಟು ಜನ ಬೇಕು ಎಂಬುದೆಲ್ಲ ದೊಡ್ಡವರಿಗಿಂತ ಮಕ್ಕಳಿಗೇ ಚೆನ್ನಾಗಿ ಗೊತ್ತು. ಹನ್ನೊಂದರ ಮಗಳು ನೋಡಿ ಹೇಳಿದ್ದು ಇನ್ನೊಂದು ಸಂಗತಿ. ಮಧ್ಯದ ತೊಟ್ಟಿಗಳು ತುಂಬಿ ತುಳುಕುತ್ತಿದ್ದವು. ಹಸುಗೂಸುಗಳದ್ದೂ ಹನ್ನೆರಡು ದಾಟಿದವರದ್ದೂ ತಳ ಕಾಣುತ್ತಿದ್ದವು. ಇದು ಅದೊಂದು ಗೋದಾಮಿನ ಕಥೆಯಲ್ಲ, ಎಲ್ಲ ಕಡೆ ಪ್ರತಿ ವರ್ಷದ ಗೋಳು. ಮಗು ಎಂದ ಕೂಡಲೇ ಕೊಡುವವರ ಕಣ್ಣಮುಂದೆ ಬರುವುದು ಐದಾರು ವರ್ಷದ ಮುಖ, ಕೈ ಹೋಗುವುದು ಕರಡಿ ಬೊಂಬೆಯ ಕಡೆಗೆ. ಮೀಸೆ ಚಿಗುರುತ್ತಿರುವ ಹುಡುಗನೂ ಮಗುವೇ ಎಂದು ನೆನಪಾಗುವುದು ಕಡಿಮೆ. ಕೊಡಬೇಕೆಂದಿರುವವರು ಬಾಸ್ಕೆಟ್‌ಬಾಲ್, ಹೆಡ್‌ಫೋನ್, ಬೆನ್ನಚೀಲ, ಚಿತ್ರ ಬರೆಯುವ ಸಾಮಾನು ಕೊಟ್ಟರೆ ಸಂಯೋಜಕರು ನಿಜಕ್ಕೂ ಖುಷಿಪಡುತ್ತಾರೆ.

ವಿಂಗಡಣೆ ಮುಗಿದರೆ ಚೀಲ ತುಂಬುವ ಸರದಿ. ನಾವಿದ್ದ ಕಡೆ ಪ್ರತಿ ಮಗುವಿಗೆ ಒಂದು ದೊಡ್ಡ ಆಟಿಕೆ, ಒಂದು ಚಿಕ್ಕದು, ಒಂದು ಪುಸ್ತಕ. ಚೀಟಿಯಲ್ಲಿ ವಯಸ್ಸು, ಹುಡುಗನೋ ಹುಡುಗಿಯೋ ಎಂಬುದು, ಒಂದು ನಂಬರು ಇಷ್ಟೇ. ಹೆಸರಿಲ್ಲ. ಒಳಗಿನದು ಕಾಣದಂಥ ಕಪ್ಪು ಚೀಲ. ಮಗಳಿಗೆ ಒಂದು ಕಾರ್ಡ್ ಬರೆದು ಹಾಕುವ ಆಸೆ. ಮೇಲುಸ್ತುವಾರಿಯಲ್ಲಿದ್ದ ಮರೀನ್ ಅವಳ ಎತ್ತರಕ್ಕೆ ಬಗ್ಗಿ, ಈ ಚೀಲ ಆ ಮಗುವಿನ ಅಪ್ಪ ಅಮ್ಮ ಕೊಡುವ ಉಡುಗೊರೆ, ನಿನ್ನದೂ ಅಲ್ಲ, ನನ್ನದೂ ಅಲ್ಲ ಎಂದು ಬಿಡಿಸಿ ಹೇಳಿದ. ಅವಳ ಮುಖ ಸಪ್ಪಗಾಯಿತು. ಆದರೂ ಪೆನ್ನು ಕೆಳಗಿಟ್ಟಳು.

ನನ್ನ ಮಟ್ಟಿಗೆ ಈ ಸಂಸ್ಥೆಯ ಹೆಚ್ಚುಗಾರಿಕೆ ಇರುವುದು 60 ಕೋಟಿಯಲ್ಲಲ್ಲ, ಈ ಒಂದು ಏರ್ಪಾಟಿನಲ್ಲಿ. ಚೀಲ ಒಯ್ಯಲು ಬರುವವರು ತಂದೆತಾಯಿ. ಮಕ್ಕಳು ಬರುವುದಿಲ್ಲ. ಕೆಲವು ಊರುಗಳಲ್ಲಿ ಆಟಿಕೆಗಳನ್ನು ಅಂಗಡಿಯಂತೆ ಜೋಡಿಸಿಟ್ಟು, ತಾಯಿಯೇ ತನ್ನ ಮಗುವಿಗೆ ಹಿಡಿಸುವುದನ್ನು ಆರಿಸಿಕೊಳ್ಳಲು ಬಿಡುತ್ತಾರೆ. ಮನೆಗೆ ಒಯ್ದು, ತಮಗೆ ಬೇಕಾದ ಕಾಗದ ಸುತ್ತಿ, ಹಬ್ಬದ ಬೆಳಗ್ಗೆ ಮಗುವಿನ ಕೈಗೆ ಇಡುವವರು ಅವರು. ಮಗುವಿನ ಕಣ್ಣಲ್ಲಿ ಕೊಟ್ಟವರು ಅಪ್ಪ ಅಮ್ಮನೇ ಆಗಿ ಉಳಿಯುತ್ತಾರೆ. ಬಡತನದಲ್ಲಿ ತಂದೆತಾಯಿ ಮೊದಲು ಕಳೆದುಕೊಳ್ಳುವುದು ಮಕ್ಕಳ ಮುಂದಿನ ಆ ದೊಡ್ಡಸ್ತಿಕೆಯನ್ನು. ಈ ಏರ್ಪಾಟು ಅದನ್ನು ಕಾಯುತ್ತದೆ.

ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ನಮ್ಮಲ್ಲೂ ಹೇಳುತ್ತೇವೆ. ನಡೆಯುವುದು ಬೇರೆ. ಮುಖಂಡರ ಹುಟ್ಟುಹಬ್ಬವೆಂದರೆ ಸರ್ಕಾರಿ ಆಸ್ಪತ್ರೆಯಲ್ಲಿ ರೋಗಿಗಳಿಗೆ ಹಣ್ಣು, ಬ್ರೆಡ್ಡು ವಿತರಣೆ. ಒಂದು ಬ್ರೆಡ್ಡಿಗೆ ಎಂಟು ಕೈ, ಮರುದಿನ ಪತ್ರಿಕೆಯಲ್ಲಿ ಫೋಟೊ. ಮಕ್ಕಳ ಹುಟ್ಟುಹಬ್ಬವನ್ನು ಅನಾಥಾಶ್ರಮದಲ್ಲಿ ಮಾಡುವ ಮನೆಗಳೂ ಬೇಕಾದಷ್ಟಿವೆ. ಉದ್ದೇಶ ಒಳ್ಳೆಯದೇ. ಆದರೆ ಅಲ್ಲಿನ ಮಕ್ಕಳು ಸಾಲಾಗಿ ನಿಂತು ಹಾಡು ಹೇಳಬೇಕು, ಗೊತ್ತಿಲ್ಲದವರ ಕೇಕಿಗೆ ಚಪ್ಪಾಳೆ ತಟ್ಟಬೇಕು, ಕ್ಯಾಮೆರಾ ನೋಡಿ ನಗಬೇಕು. ಅದನ್ನೆಲ್ಲ ಪಕ್ಕದಲ್ಲಿ ನಿಂತು ನೋಡುವ ನಮ್ಮ ಮಗು ಕಲಿಯುವುದು ಕೊಡುವುದನ್ನೋ, ಕೊಡುವವರ ಗತ್ತನ್ನೋ?

ಹಾಗೆಂದು ಟಾಯ್ಸ್ ಫಾರ್ ಟಾಟ್ಸ್‌ನಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಡಿಸೆಂಬರ್‌ನಲ್ಲಿ ಉಕ್ಕುವ ಈ ಉತ್ಸಾಹ ಫೆಬ್ರುವರಿಯಲ್ಲಿ ಎಲ್ಲಿರುತ್ತದೆ? ಆಟಿಕೆಯಿಂದ ಮನೆ ಬಾಡಿಗೆ ಕಟ್ಟಲಾಗದು, ಹೀಟರಿನ ಬಿಲ್ಲು ತೀರದು. ಇಷ್ಟು ಶ್ರೀಮಂತ ದೇಶದಲ್ಲಿ ಇಷ್ಟೊಂದು ಚೀಲ ಯಾಕೆ ಬೇಕಾಗುತ್ತದೆ ಎಂಬ ಪ್ರಶ್ನೆಯನ್ನು ಯಾವ ಗೋದಾಮೂ ಕೇಳುವುದಿಲ್ಲ. ಮಕ್ಕಳು ಕೇಳುತ್ತಾರೆ. ಕಾರಿನಲ್ಲಿ ವಾಪಸ್ ಬರುವಾಗ ಮಗ ಕೇಳಿದ್ದು ಇದನ್ನೇ: ಅವರ ಅಪ್ಪನೂ ಕೆಲಸಕ್ಕೆ ಹೋಗ್ತಾರಲ್ಲ, ಮತ್ತೆ ಯಾಕೆ ದುಡ್ಡಿಲ್ಲ? ಸಂಬಳ, ಬಾಡಿಗೆ, ಆಸ್ಪತ್ರೆಯ ಬಿಲ್ಲು ಎಂದು ಅವನಿಗೆ ತಿಳಿಯುವ ಹಾಗೆ ವಿವರಿಸುವಷ್ಟರಲ್ಲಿ ಮನೆ ಬಂದಿತ್ತು. ಇಂಥ ಮಾತಿಗೆ ದಾರಿಮಾಡಿಕೊಡುವುದೂ ಈ ಶನಿವಾರದ ಒಂದು ಲಾಭ.

ಹೋಗಬೇಕೆಂದಿರುವವರಿಗೆ ಒಂದೆರಡು ಮಾತು. ಸಂಸ್ಥೆಯ ಜಾಲತಾಣದಲ್ಲಿ ರಾಜ್ಯ, ಕೌಂಟಿ ಆರಿಸಿದರೆ ನಿಮ್ಮೂರಿನ ಸಂಯೋಜಕರ ಪುಟ ಸಿಗುತ್ತದೆ. ಸಂಗ್ರಹ ಅಕ್ಟೋಬರ್‌ನಲ್ಲಿ ಶುರು. ಕೈ ಹೆಚ್ಚು ಬೇಕಾಗುವುದು ಡಿಸೆಂಬರ್‌ನ ಮೊದಲ ವಾರಗಳಲ್ಲಿ. ಮಕ್ಕಳನ್ನು ಒಳಬಿಡುವ ವಯಸ್ಸಿನ ನಿಯಮ ಊರಿಂದ ಊರಿಗೆ ಬೇರೆ, ಮೊದಲೇ ಕೇಳಿಕೊಂಡು ಹೋಗಿ. ಮಕ್ಕಳು ತೀರಾ ಚಿಕ್ಕವರಾದರೆ ಅಂಗಡಿಯಲ್ಲಿ ಅವರ ಕೈಯಲ್ಲೇ ಒಂದು ಆಟಿಕೆ ಆರಿಸಿ, ಅವರಿಂದಲೇ ಪೆಟ್ಟಿಗೆಗೆ ಹಾಕಿಸಬಹುದು. ‘ನನಗೂ ಇದು ಬೇಕು’ ಎಂಬ ರಾಗ ಒಮ್ಮೆಯಾದರೂ ಬರುತ್ತದೆ, ಗದರಬೇಡಿ. ಬೇಕೆನಿಸಿದ್ದನ್ನು ಬಿಟ್ಟುಕೊಟ್ಟರೆ ತಾನೆ ಅದು ಕೊಡುವುದು.

ಕರ್ನಾಟಕದಲ್ಲಿರುವವರು ಇದಕ್ಕಾಗಿ ಮರೀನ್‌ಗಳನ್ನು ಕಾಯಬೇಕಿಲ್ಲ. ಮುಂದಿನ ಹುಟ್ಟುಹಬ್ಬಕ್ಕೆ ಕೇಕು ಮನೆಯಲ್ಲೇ ಕತ್ತರಿಸಿ. ಆಶ್ರಮದಲ್ಲೋ ಹಾಸ್ಟೆಲಿನಲ್ಲೋ ಯಾವ ವಯಸ್ಸಿನವರು ಎಷ್ಟು ಮಂದಿ ಇದ್ದಾರೆ, ಏನು ಬೇಕಾಗಿದೆ ಎಂದು ವಾರ್ಡನ್ ಬಳಿ ಮೊದಲು ವಿಚಾರಿಸಿ. ಹನ್ನೆರಡು ದಾಟಿದವರನ್ನು ಮರೆಯದೆ ಪಟ್ಟಿ ಮಾಡಿ, ಮಕ್ಕಳ ಕೈಯಲ್ಲೇ ಸಾಮಾನು ವಿಂಗಡಿಸಿ ಚೀಲ ತುಂಬಿಸಿ, ಆಫೀಸಿನ ಕೋಣೆಯಲ್ಲಿ ಒಪ್ಪಿಸಿ ಬನ್ನಿ. ಹಂಚುವುದನ್ನು ದಿನವೂ ಆ ಮಕ್ಕಳನ್ನು ನೋಡಿಕೊಳ್ಳುವವರಿಗೆ ಬಿಡಿ. ಫೋಟೊ ಇಲ್ಲದಿದ್ದರೆ ಇದೆಲ್ಲ ಯಾಕೆ ಎಂದು ಮನೆಯ ದೊಡ್ಡವರು ಗೊಣಗಬಹುದು. ಚೀಲ ತುಂಬಿದ ಮಗುವಿಗೆ ಆ ಪ್ರಶ್ನೆ ಹೊಳೆಯುವುದೇ ಇಲ್ಲ.