ಕಣ್ಣು ತಪ್ಪಿಸುವ ಹರೆಯ

‘ಮಾತಾಡಿಸಿದರೆ ಮುಖ ನೋಡೂದಿಲ್ಲ’. ಆಟಿಸಂ ಇರುವ ಹದಿಹರೆಯದವರ ಬಗ್ಗೆ ಮನೆಯಲ್ಲೂ ಶಾಲೆಯಲ್ಲೂ ಕೇಳಿಬರುವ ದೂರು ಇದು. ನಮ್ಮ ದೇಶದಲ್ಲಿ ಆಟಿಸಂ ಪ್ರಮಾಣ ಅಳೆಯುವ ‘ಐಸಾ’ ಮಾಪಕದ 40 ಅಂಶಗಳಲ್ಲಿ ಮೊದಲನೆಯದೂ ಕಣ್ಣಿನ ನೋಟವೇ. ಗುರುತು ಹಿಡಿಯಲು ಅದು ಸರಿ. ಆದರೆ ನೋಟ ಏಕೆ ತಪ್ಪುತ್ತಿದೆ ಎಂದು ವಿಚಾರಿಸದೆ, ನೋಟವನ್ನೇ ತಿದ್ದಹೊರಟರೆ ಮಗುವಿನ ಅಂಜಿಕೆ ಹೆಚ್ಚುವ ಸಂಭವವೇ ಜಾಸ್ತಿ.

2002ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಆಮಿ ಕ್ಲಿನ್ ತಂಡ ಸಿನಿಮಾ ತುಣುಕುಗಳನ್ನು ತೋರಿಸಿ ನೋಡುವವರ ಕಣ್ಣಿನ ಚಲನೆ ಅಳೆಯಿತು. ಆಟಿಸಂ ಇದ್ದವರು ಪಾತ್ರಗಳ ಕಣ್ಣುಗಳಿಗಿಂತ ಬಾಯಿ, ಮೈ, ಸುತ್ತಲಿನ ವಸ್ತುಗಳನ್ನೇ ಹೆಚ್ಚು ನೋಡಿದರು. ಇದು ಜನರ ಬಗೆಗಿನ ನಿರಾಸಕ್ತಿಯೆಂದು ತೋರಬಹುದು. ಆದರೆ 2005ರ ಇನ್ನೊಂದು ಅಧ್ಯಯನದಲ್ಲಿ, ಅವರು ಕಣ್ಣುಗಳನ್ನು ಹೆಚ್ಚು ಹೊತ್ತು ನೋಡಿದಷ್ಟೂ ಅಪಾಯಕ್ಕೆ ಎಚ್ಚರಿಸುವ ಮಿದುಳಿನ ಭಾಗವಾದ ಅಮಿಗ್ಡಲಾ ಚುರುಕಾದದ್ದು ಕಂಡಿತು. ಇತ್ತ 2017ರ ಸಂಶೋಧನೆಯೊಂದು, ಆಟಿಸಂ ಇರುವ ಎರಡು ವರ್ಷದ ಕೂಸುಗಳಲ್ಲಿ ಕಣ್ಣಿನಿಂದ ಬೇಕೆಂದೇ ದೂರ ಸರಿಯುವ ಲಕ್ಷಣ ಕಾಣಲಿಲ್ಲ ಎಂದಿತು. ಇವನ್ನು ಜೊತೆಗಿಟ್ಟು ಓದಿದರೆ ಒಂದು ಊಹೆಗೆ ದಾರಿಯಾಗುತ್ತದೆ: ಕೂಸಿನಲ್ಲಿ ಬರೀ ಗಮನದ ಭಿನ್ನತೆಯಾಗಿದ್ದದ್ದಕ್ಕೆ ಬೈಗುಳ, ಗೇಲಿ, ಪೆಟ್ಟು ತಿಂದ ವರ್ಷಗಳು ಭಯವನ್ನು ಸೇರಿಸಿರಬಹುದು. ಆಟಿಸಂ ಇರುವ ಮಕ್ಕಳು ಮತ್ತು ಹರೆಯದವರಲ್ಲಿ ಸುಮಾರು ಶೇ 40ರಷ್ಟು ಮಂದಿಗೆ ಯಾವುದಾದರೊಂದು ಆತಂಕದ ಸಮಸ್ಯೆ, ಶೇ 17ರಷ್ಟು ಮಂದಿಗೆ ಸಾಮಾಜಿಕ ಆತಂಕ ಇದೆ ಎಂಬ 2011ರ ಲೆಕ್ಕ ಈ ಊಹೆಯನ್ನು ಸಾಬೀತು ಮಾಡುವುದಿಲ್ಲ, ಕಡೆಗಣಿಸಲೂ ಬಿಡುವುದಿಲ್ಲ.

‘ಈ ವಯಸ್ಸಿನಾಗ ಎಲ್ಲಾ ಹುಡುಗರೂ ನಾಚತಾರ’ ಎನ್ನುವವರಿದ್ದಾರೆ. ನಾಚಿಕೆ ಪರಿಚಯ ಬೆಳೆದಂತೆ ಕರಗುತ್ತದೆ. ಆತಂಕ ಶಾಲೆ ಬಿಡಿಸುತ್ತದೆ, ನಿದ್ದೆ ಕೆಡಿಸುತ್ತದೆ. ‘ನಾಳೆ ಇಂಟರ್‌ವ್ಯೂದಲ್ಲಿ ಏನು ಗತಿ?’ ಎಂಬ ಪ್ರಶ್ನೆಗೆ ಹೆಚ್ಚು ತೂಕವಿದೆ. ಆದರೆ ಕಣ್ಣಿಗೆ ಕಣ್ಣು ಕೂಡಿಸಲು ಹೆಣಗುವವನಿಗೆ ಕೇಳಿದ ಪ್ರಶ್ನೆಯೇ ತಲೆಗೆ ಹೋಗದಿದ್ದರೆ ಆ ತಾಲೀಮಿನಿಂದ ಏನು ಬಂತು? ಹುಬ್ಬಿನ ಕಡೆ ನೋಡುವುದು, ‘ನೋಡದಿದ್ದರೂ ಕೇಳುತ್ತಿದ್ದೇನೆ’ ಎಂದು ಮೊದಲೇ ಹೇಳುವುದು ಅವನು ತಾನಾಗಿ ಆಯ್ದುಕೊಳ್ಳಬಹುದಾದ ದಾರಿಗಳು.

ನಮ್ಮಲ್ಲಿ ಇದಕ್ಕೊಂದು ಸ್ಥಳೀಯ ತೊಡಕೂ ಇದೆ. ಹಿರಿಯರೆದುರು ತಲೆ ತಗ್ಗಿಸಿದ ಹುಡುಗಿ ಮರ್ಯಾದಸ್ಥೆ ಎನಿಸಿಕೊಳ್ಳುತ್ತಾಳೆ. ಅವಳ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ನೆರವು ಹತ್ತಿರದಲ್ಲೇ ಇದೆ. ಹುಬ್ಬಳ್ಳಿಯ ಬೈರಿದೇವರಕೊಪ್ಪದಿಂದ ಚಿಗರಿ ಬಸ್ಸು ಹತ್ತಿದರೆ ಧಾರವಾಡ ದೂರವಲ್ಲ. ಅಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ವೈದ್ಯರ ಬಳಿ ಹೋದಾಗ ಪಾಲಕರು ಆಟಿಸಂ ಜೊತೆಗೆ ಆತಂಕದ ಪರೀಕ್ಷೆಯನ್ನೂ ಕೇಳಬೇಕು. ಆಟಿಸಂಗೆ ಬೇಕಾದದ್ದು ಹೊಂದಾಣಿಕೆ, ಆತಂಕಕ್ಕೆ ಚಿಕಿತ್ಸೆಯಿದೆ.