ನಾವು ಮಾಡದ ತಪ್ಪಿಗೆ ದಂಡ ಬಂದರೆ

ಬೈಕು ಹದಿನಾರಿನ ಮನೆಯ ಮುಂದೆಯೇ ನಿಂತಿದೆ. ಆದರೆ ಬೆಂಗಳೂರಿನ ನೋ ಪಾರ್ಕಿಂಗ್ ಜಾಗದಲ್ಲಿ ನಿಲ್ಲಿಸಿದ್ದಕ್ಕೆ ದಂಡ ಕಟ್ಟಿ ಎಂಬ ಸಂದೇಶ ಮೊಬೈಲಿಗೆ ಬರುತ್ತದೆ. ಕೂಲಿ ಬಿಟ್ಟು ಅಲೆಯುವವರು ಯಾರು ಎಂದು ನಮ್ಮಲ್ಲಿ ಹಲವರು ಗೊಣಗುತ್ತಲೇ ಕಟ್ಟಿಬಿಡುತ್ತೇವೆ. 2023ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಿತ್ತು. ಇಂಥ ರಿಯಾಯಿತಿ ಬಂದಾಗ 'ಅರ್ಧ ತಾನೇ' ಎಂದು ತಪ್ಪು ದಂಡವನ್ನೂ ಕಟ್ಟುವ ಮನಸ್ಸಾಗುತ್ತದೆ.

ಆದರೆ ದಂಡ ಕಟ್ಟಿದರೆ ತಪ್ಪು ಒಪ್ಪಿ ಪ್ರಕರಣ ಮುಗಿಸಿಕೊಂಡಂತೆ. ನಮ್ಮ ನಂಬರನ್ನೇ ಬೇರೊಬ್ಬ ತನ್ನ ಗಾಡಿಗೆ ಹಾಕಿಕೊಂಡಿದ್ದರೆ ನಮ್ಮ ಮೌನದಿಂದ ಅವನಿಗೆ ಧೈರ್ಯ ಬರುತ್ತದೆ. ನಾಳೆ ಅದೇ ಗಾಡಿ ಯಾರಿಗಾದರೂ ಗುದ್ದಿದರೆ ಪೊಲೀಸರು ಮೊದಲು ಬರುವುದು ನಮ್ಮ ಮನೆಗೆ.

ಮೊದಲು ಸಂದೇಶ ನಿಜವೇ ಎಂದು ನೋಡೋಣ. ವಾಟ್ಸಾಪ್‌ನಲ್ಲಿ ಚಲನ್ ಹೆಸರಿನ ಫೈಲ್ ಬಂದರೆ ತೆರೆಯಬಾರದು. ಅದು ಬ್ಯಾಂಕ್ ಖಾತೆ ದೋಚುವವರ ಬಲೆ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ನಿಜವಾದ ಚಲನ್ ಸರ್ಕಾರದ ಅಧಿಕೃತ ಇ-ಚಲನ್ ತಾಣದಲ್ಲಿ ಗಾಡಿ ನಂಬರ್ ಹಾಕಿದರೆ ಕಾಣುತ್ತದೆ.

ಆಮೇಲೆ ಫೋಟೋ ನೋಡೋಣ. ಕ್ಯಾಮರಾ ಹಿಡಿದ ತಪ್ಪಾದರೆ, 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ಸೇರಿದ 167ಎ ನಿಯಮದಂತೆ, ತಪ್ಪು ಮತ್ತು ನಂಬರ್ ಪ್ಲೇಟ್ ಎರಡೂ ಚಿತ್ರದಲ್ಲಿ ಸ್ಪಷ್ಟವಾಗಿರಬೇಕು. ದಿನಾಂಕ, ಸಮಯ, ಸ್ಥಳವೂ ಇರಬೇಕು. 3 ಎಂಬುದು 8 ಆಗಿದೆಯೇ? ಫೋಟೋದಲ್ಲಿರುವ ಗಾಡಿಯ ಬಣ್ಣ, ಕಂಪನಿ ನಮ್ಮದೇ? ವ್ಯತ್ಯಾಸವಿದ್ದರೆ ಅದೇ ನಮ್ಮ ಸಾಕ್ಷಿ.

ದಂಡ ಹಾಕಿದ ಸಂಚಾರ ಠಾಣೆಗೆ ಅರ್ಜಿ ಬರೆಯೋಣ. ಚಲನ್ ಸಂಖ್ಯೆ, ಆರ್‌ಸಿ ಪ್ರತಿ, ನಮ್ಮ ಗಾಡಿಯ ಫೋಟೋ, ಆ ಹೊತ್ತಿನಲ್ಲಿ ಗಾಡಿ ಎಲ್ಲಿತ್ತು ಎನ್ನುವುದಕ್ಕೆ ಪುರಾವೆ ಜೊತೆಗಿಟ್ಟು ಸ್ವೀಕೃತಿ ಪಡೆಯೋಣ. ಇ-ಚಲನ್ ತಾಣದಲ್ಲೂ ದೂರು ಕೊಡಬಹುದು. ನಂಬರ್ ನಕಲಾಗಿದೆ ಎನಿಸಿದರೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಬೇರೆಯೇ ದೂರು ಕೊಡಬೇಕು.

ಗಾಡಿ ಮಾರಿದ ಮೇಲೂ ದಂಡ ಬರುತ್ತಿದ್ದರೆ ಆರ್‌ಸಿ ಇನ್ನೂ ನಮ್ಮ ಹೆಸರಿನಲ್ಲಿದೆ ಎಂದರ್ಥ. ರಾಜ್ಯದೊಳಗೆ ಮಾರಿದವರು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು. ದಾಖಲೆಯಲ್ಲಿ ಹೆಸರಿರುವವನೇ ಮಾಲೀಕನಾಗಿ ಹೊಣೆ ಹೊರಬೇಕೆಂದು 2018ರಲ್ಲಿ ಅಪಘಾತದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಾಯಿಮಾತಿನ ವ್ಯಾಪಾರ ಇಲ್ಲಿ ನಡೆಯುವುದಿಲ್ಲ.

ಅರ್ಜಿಗೆ ಉತ್ತರ ಬಾರದೆ ಸಮನ್ಸ್ ಬಂದರೆ ಉದಾಸೀನ ಬೇಡ. ತಪ್ಪು ನಮ್ಮದಲ್ಲ ಎಂದು ನ್ಯಾಯಾಧೀಶರ ಮುಂದೆ ಹೇಳುವ ಹಕ್ಕು ನಮಗಿದೆ. ಮಹಿಳೆಯರು, ಅಂಗವಿಕಲರು, ಪರಿಶಿಷ್ಟರು, ಕಡಿಮೆ ಆದಾಯದವರಿಗೆ 1987ರ ಕಾಯ್ದೆಯಂತೆ ಉಚಿತ ಕಾನೂನು ನೆರವು ಸಿಗುತ್ತದೆ. ನಂಜನಗೂಡಿನ ನ್ಯಾಯಾಲಯದಲ್ಲಿರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಬಹುದು, ಇಲ್ಲವೇ 15100ಕ್ಕೆ ಕರೆ ಮಾಡಬಹುದು.

ಕೊನೆಗೊಂದು ಮಾತು. ತಪ್ಪು ನಮ್ಮದೇ ಆಗಿದ್ದರೆ ಸುಳ್ಳು ಅರ್ಜಿ ಬರೆಯದೆ ದಂಡ ಕಟ್ಟೋಣ. ದಾರಿಯಲ್ಲಿನ ತೊಂದರೆ ಸರಿಸುವುದೂ ಸತ್ಯವಿಶ್ವಾಸದ ಭಾಗವೆಂದು ಪ್ರವಾದಿ(ಸ) ಕಲಿಸಿದ್ದಾರೆ. ಜುಮಾಕ್ಕೆ ತಡವಾಯಿತೆಂದು ರಸ್ತೆಗೆ ಅಡ್ಡ ನಿಲ್ಲಿಸಿದ ಬೈಕು ಆಂಬುಲೆನ್ಸ್ ತಡೆದರೆ, ಆ ದಂಡದ ವಿರುದ್ಧ ಅರ್ಜಿ ಬರೆಯಲು ನಮಗೆ ಯಾವ ಮುಖವಿದೆ? ನಮ್ಮದಲ್ಲದ ತಪ್ಪನ್ನು ಹೊರುವುದೂ ಬೇಡ, ನಮ್ಮ ತಪ್ಪನ್ನು ಮುಚ್ಚಿಡುವುದೂ ಬೇಡ.